ಕಾಲಿಗೆ ಹಚ್ಚಿದ ಕೆಂಪು

“ಅತ್ತಿ, ನಿಂದ್ರು! ರಕ್ತ! ಕಾಲೆಲ್ಲಾ ರಕ್ತ ಆಗೇತಿ!”

ಸಿದ್ದಲಿಂಗೇಶ ಕೂಗಿದ ಅಬ್ಬರಕ್ಕೆ ಮುಂದೆ ಹೋಗುತ್ತಿದ್ದವರೆಲ್ಲ ಗಕ್ಕನೆ ನಿಂತರು. ನೀಲಗಂಗವ್ವ ಬಗ್ಗಿ ನೋಡಿಕೊಂಡಳು. ಎತ್ತಿ ಕಟ್ಟಿದ ಸೀರೆಯ ಕೆಳಗೆ ಮೊಣಕಾಲಿನಿಂದ ಪಾದದವರೆಗೆ ಕೆಂಪು ಇಳಿದಿತ್ತು. ಜಿಟಿಜಿಟಿ ಮಳೆ ಬೇರೆ. ಅವಳು ನಿಂತಲ್ಲೇ ಸ್ಯಾಂಡಲ್ಲಿನಿಂದ ಕೆಂಪು ನೀರು ಇಳಿದು ಕಾಡಿನ ಕೊಳೆತೆಲೆಗಳ ಮೇಲೆ ಹರಿಯುತ್ತಿತ್ತು.

ಎಲ್ಲರ ಹಿಂದೆ ಬರುತ್ತಿದ್ದ ದಾರಿ ತೋರಿಸುವ ಮಾಬ್ಳು ಓಡಿ ಬಂದ. ಬೆಳಿಗ್ಗೆ ಜೀಪಿಳಿಯುವಾಗಲೇ ಅವನು ತನ್ನ ಕಾನೂನು ಹೇಳಿಬಿಟ್ಟಿದ್ದ: ಇಂಬಳ ಕಚ್ಚಿದ್ದು ಲೆಕ್ಕಕ್ಕಿಲ್ಲ, ಆದರೆ ರಕ್ತ ಬರುವ ಗಾಯ ಆದವರು ಮುಂದಕ್ಕೆ ಬರುವ ಹಾಗಿಲ್ಲ, ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿನ ಊರಿಗೆ ಇಳಿದು ಜೀಪು ಹತ್ತಬೇಕು. ನೀಲಗಂಗವ್ವನ ಜೊತೆಗಾತಿ ಅಂದರೆ ಸೈದಾಬಿ. ಇವಳು ಇಳಿದರೆ ಅವಳೂ ಇಳಿಯಬೇಕು. ಸೈದಾಬಿಯ ಮುಖ ಆಗಲೇ ಬಾಡಿತ್ತು.

ಬ್ಯಾಡಗಿಯಲ್ಲಿ ಈ ಇಬ್ಬರೂ ನಲವತ್ತು ವರ್ಷದಿಂದ ಮಗ್ಗುಲಿಗೆ ಮಗ್ಗುಲು ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು. ರಾಣೆಬೆನ್ನೂರಿನಲ್ಲಿ ಮಾಸ್ತರನಾಗಿರುವ, ನೀಲಗಂಗವ್ವನ ಅಣ್ಣನ ಮಗ ಸಿದ್ದಲಿಂಗೇಶ ವರ್ಷಕ್ಕೊಮ್ಮೆ ಗೆಳೆಯರನ್ನು ಕಟ್ಟಿಕೊಂಡು ಘಟ್ಟ ಹತ್ತುತ್ತಿದ್ದ. ಈ ಸಲ ರಸ್ತೆಯೇ ಮುಟ್ಟದ, ನಾಲ್ಕೇ ಮನೆಗಳ ಊರಿಗೆ ಹೋಗುತ್ತೇವೆ ಎಂದು ಅವನು ಹೇಳಿದ್ದೇ ತಡ, ನೀಲಗಂಗವ್ವ ನಾನೂ ಬರುತ್ತೇನೆ ಎಂದು ಹಟ ಹಿಡಿದಳು. “ಅಲ್ಲಿ ಬಸ್ಸಿಲ್ಲ ಅತ್ತಿ” ಎಂದರೆ “ನನಗ ಕಾಲದಾವಲ್ಲ” ಎಂದಳು. ಓಣಿಯವರು ನಕ್ಕರು. ಸೈದಾಬಿಯ ಮಗ ರಫೀಕ್, “ಅರ್ಧ ದಾರ್ಯಾಗ ಕುಂತು ಫೋನ್ ಮಾಡ್ತೀರಿ ನೋಡ್ರಿ” ಎಂದ. ಆ ಮಾತು ಇಬ್ಬರಿಗೂ ಮುಳ್ಳಿನಂತೆ ಚುಚ್ಚಿತ್ತು. ಎರಡು ತಿಂಗಳು ದಿನಾ ನಸುಕಿನಲ್ಲೆದ್ದು ಮಾರುಕಟ್ಟೆಯ ಸುತ್ತ ನಾಲ್ಕು ಸುತ್ತು ಹಾಕಿದ್ದರು. ಈಗ ಅರ್ಧಕ್ಕೆ ಇಳಿದರೆ ರಫೀಕನ ಮಾತೇ ಖರೆಯಾಗುತ್ತಿತ್ತು.

“ಎಂತ ಕಡೀತು ಅಮ್ಮ?” ಮಾಬ್ಳು ಕಾಲ ಬಳಿ ಕೂತ.

ನೀಲಗಂಗವ್ವನಿಗೆ ಸಿಟ್ಟೂ ಬಂತು, ನಗೆಯೂ ಬಂತು. “ಏನೂ ಕಡದಿಲ್ಲೋ ತಮ್ಮಾ. ಖಾರಪುಡಿ ಅದು. ಬ್ಯಾಡಗಿ ಮೆಣಸಿನಕಾಯಿ!”

ಕಾಡಿನಲ್ಲಿ ರಕ್ತ ಹೀರುವ ಇಂಬಳಗಳ ಕಾಟ ಎಂದು ಕೇಳಿ, ಎಲ್ಲರೂ ಉಪ್ಪು, ಹೊಗೆಸೊಪ್ಪು ಕಟ್ಟಿಕೊಂಡು ಬಂದಿದ್ದರು. ಇವಳು ಮಾತ್ರ ಖಾರಪುಡಿಯನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ ಬಾಟಲಿ ತುಂಬಿದ್ದಳು. ಗುಂಟೂರಿನದು ಹಾಕು, ಅದಕ್ಕೆ ಖಾರವಿದೆ ಎಂದು ಸೈದಾಬಿ ಬಡಕೊಂಡಿದ್ದಳು. ಊರಿನ ಕಾಯಿ ಬಿಟ್ಟು ಮಂದಿಯ ಕಾಯಿ ಹಚ್ಚಿಕೊಳ್ಳಲು ನೀಲಗಂಗವ್ವನ ಮನಸ್ಸು ಒಪ್ಪಿರಲಿಲ್ಲ.

ಮಾಬ್ಳು ನಂಬಲಿಲ್ಲ. “ಹಾಂಗಾರ ನೆಕ್ಕಿ ನೋಡು” ಎಂದು ಅವಳು ಬಾಟಲಿ ಮುಂದೆ ಹಿಡಿದಳು. ಅವನು ಬೆರಳದ್ದಿ ನಾಲಿಗೆಗಿಟ್ಟ. ಎಲ್ಲರೂ ಉಸಿರು ಬಿಗಿಹಿಡಿದರು.

“ಖಾರವೇ ಇಲ್ವಲ್ಲ ಇದು!”

ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಅವಳ ಮೀನಖಂಡದ ಮೇಲೆ ಒಂದು ಇಂಬಳ ಆರಾಮಾಗಿ ಊಟ ಮುಗಿಸಿ ಉರುಳಿತು. “ಬಣ್ಣ ನೋಡಿ ಬಂದೈತಿ ಅದು” ಎಂದಳು ಸೈದಾಬಿ. ನೀಲಗಂಗವ್ವ, “ಬ್ಯಾಡಗಿ ಕಾಯಿ ಇರೂದ ಬಣ್ಣಕ್ಕ! ಖಾರ ಬೇಕಂದ್ರ ನನ್ನ ಬಾಯಾಗ ಐತಿ” ಎಂದು ದಾಪುಗಾಲು ಹಾಕಿದಳು.

ಮುಂದಿನ ದಾರಿ ದಾರಿಯೇ ಆಗಿರಲಿಲ್ಲ. ಬೇರು ಹಿಡಿದು ಹತ್ತಬೇಕು, ಬಿದಿರು ಬಗ್ಗಿಸಿ ನುಸುಳಬೇಕು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. ಒಂದು ಹಕ್ಕಿ ಕೂಗಿದರೂ ಅವಳು ನಿಂತು ಅದಕ್ಕೆ ತಿರುಗಿ ಕೂಗುತ್ತಿದ್ದಳು. ಇಷ್ಟು ಖುಷಿ ತನ್ನ ಮೈಯಲ್ಲಿ ಎಲ್ಲಿ ಅಡಗಿತ್ತೋ ಎಂದು ಅವಳಿಗೇ ಆಶ್ಚರ್ಯವಾಯಿತು.

ಹಳ್ಳ ದಾಟುವಾಗ ಕಲ್ಲು ಎಡವಿತು. ಎಡವಿದ ಕಾಲೇ ಎಡವುತ್ತದೆ ಅನ್ನುತ್ತಾರೆ. ದಡ ಹತ್ತುವಾಗ ಅದೇ ಕಾಲು ಇನ್ನೊಂದು ಕಲ್ಲಿಗೆ ಬಡಿದು ಹೆಬ್ಬೆರಳ ಉಗುರು ಅರ್ಧ ಕಿತ್ತು ನಿಂತಿತು. ಕಣ್ಣಿಗೆ ಕತ್ತಲೆ ಬಂತು. ಅವಳು ತುಟಿ ಕಚ್ಚಿದಳು.

ಸಿದ್ದಲಿಂಗೇಶ ಹಿಂತಿರುಗಿ ನೋಡಿ, “ಅತ್ತಿ, ಬಣ್ಣ ಇನ್ನೂ ಬಿಟ್ಟಿಲ್ಲಲ್ಲ ನಿಂದು!” ಎಂದು ನಕ್ಕ.

“ಬಿಡೂದಿಲ್ಲೋ ಅದು” ಎಂದು ಅವಳೂ ನಕ್ಕಳು.

ಸೈದಾಬಿ ನಗಲಿಲ್ಲ. ಉಳಿದವರು ಮುಂದೆ ಹೋಗಲೆಂದು ಕಾದು, ಬಗ್ಗಿ ಗೆಳತಿಯ ಪಾದದ ಕೆಂಪನ್ನು ಬೆರಳಿಗೆ ತಗೊಂಡು ಹೆಬ್ಬೆರಳಿನಿಂದ ತಿಕ್ಕಿದಳು. ಕಾಯಿ ಮುಟ್ಟಿದರೆ ಸಾಕು, ಹಸಿಯೋ ಒಣಗಿದ್ದೋ ಹೇಳುವ ಬೆರಳುಗಳು ಅವು. ಇದರಲ್ಲಿ ಪುಡಿಯ ತರಿ ಇರಲಿಲ್ಲ. ಅಂಟುತ್ತಿತ್ತು.

“ನೀಲಕ್ಕಾ, ಇದು ಖಾರಪುಡಿ ಅಲ್ಲ.”

“ಸುಮ್ಕಿರು ನಮ್ಮವ್ವಾ. ಹೇಳಿದ್ರ ಇಬ್ಬರೂ ಜೀಪಿನ್ಯಾಗ.”

ಸೈದಾಬಿ ಒಮ್ಮೆ ಮೇಲಿನ ಗುಡ್ಡ ನೋಡಿದಳು, ಒಮ್ಮೆ ಬೆರಳು ನೋಡಿದಳು. ಆಮೇಲೆ ಸೆರಗಿನ ಅಂಚನ್ನು ಹಲ್ಲಿನಿಂದ ಹರಿದಳು. ಬಾಟಲಿಯ ನೀರಿನಲ್ಲಿ ಗಾಯ ತೊಳೆದು, ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಬಟ್ಟೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅವಳು ಖಾರದೆಣ್ಣೆಯ ಬಾಟಲಿ ತೆಗೆದು, ಉಳಿದದ್ದನ್ನೆಲ್ಲ ಅದರ ಮೇಲೆ ಸುರಿದುಬಿಟ್ಟಳು.

ನೀಲಗಂಗವ್ವ ಒಂಟಿಗಾಲಿನಲ್ಲಿ ಕುಣಿದಳು. “ಅಯ್ಯಯ್ಯೋ! ಯಾರ ಅಂದಾರ ಇದಕ್ಕ ಖಾರ ಇಲ್ಲಂತ?”

ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬಿದಿರ ಮೆಳೆಯ ಹತ್ತಿರ ಮಾಬ್ಳು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. “ಹೋಗುವ, ಮಳೆ ಹೊಯ್ತದೆ” ಎಂದಷ್ಟೇ ಹೇಳಿದ.

ಸಂಜೆಯ ಬೆಳಕಿರುವಾಗಲೇ ಊರು ಸಿಕ್ಕಿತು. ನಾಲ್ಕು ಹುಲ್ಲಿನ ಮಾಡು, ಒಂದು ಬಾಳೆಯ ಗುಂಪು, ಬೊಗಳುತ್ತ ಬಂದ ಒಂದು ನಾಯಿ. ಮೋಡ ಸರಿದಿತ್ತು. ಕೆಳಗೆ, ಅವರು ಹತ್ತಿ ಬಂದ ಕಾಡು ಹಸಿರು ಕಂಬಳಿ ಹಾಸಿದಂತೆ ಬಿದ್ದಿತ್ತು. ಜೀಪಿನ ರಸ್ತೆ ಎಲ್ಲಿಯೂ ಕಾಣಲಿಲ್ಲ. “ಸೈದಾ, ಬಂದೇವಲ್ಲೇ! ನಡಕೊಂತ ಬಂದೇವಿ!” ಎಂದು ನೀಲಗಂಗವ್ವ ಎರಡೂ ಕೈ ಎತ್ತಿ ಕೂಗಿದಳು. ಆಚೆ ಗುಡ್ಡ ಅವಳ ದನಿಯನ್ನು ತಿರುಗಿ ಕಳಿಸಿತು. ಸೈದಾಬಿ ರಫೀಕನಿಗೆ ಫೋನ್ ಮಾಡಲು ನೋಡಿದಳು. ಸಿಗ್ನಲ್ಲೇ ಇರಲಿಲ್ಲ.

ಮಾಬ್ಳು ತಲೆ ಎಣಿಸಿದ. ಹನ್ನೊಂದು, ಸರಿ ಇತ್ತು. ಆಮೇಲೆ ಕತ್ತಿ ಹಿಡಿದು ಹಿತ್ತಿಲ ಕಡೆಗೆ ಹೋದ.

ಅವನು ತಿರುಗಿ ಬಂದಾಗ ನೀಲಗಂಗವ್ವ ಜಗಲಿಯಲ್ಲಿ ಕರಿ ಚಹಾ ಕುಡಿಯುತ್ತಿದ್ದಳು. ಅವನು ಅವಳ ಕಾಲಿನ ಕಡೆ ನೋಡಲಿಲ್ಲ.

“ನಾಳೆ ಇಳಿಜಾರು ಅಮ್ಮ. ಇಳಿಯುವಾಗ ಭಾರವೆಲ್ಲ ಬೆರಳಿಗೇ ಬೀಳ್ತದೆ” ಎಂದವನು, ಅವಳೆತ್ತರದ ಒಂದು ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಆಗಷ್ಟೇ ಕಡಿದ ಕೋಲು. ಹಿಡಿಯುವ ಕಡೆ ಸಿಪ್ಪೆ ಹೆರೆದು ನುಣುಪು ಮಾಡಿದ್ದ, ಮರದ ಹಸಿ ಇನ್ನೂ ಆರಿರಲಿಲ್ಲ.