ಉಪ್ಪಿನ ಹಾಸಿಗೆ

ಪ್ರತಿ ಡಿಸೆಂಬರಿನ ಒಂದು ಭಾನುವಾರ ಶಿವಗಂಗಾ ಮತ್ತು ಮಂಜುಶ್ರೀ ಎದುರುಬದುರು ಕುಳಿತು, ಆ ವರ್ಷ ತಾವು ಕೇಳಿದ ಆಲ್ಬಂಗಳಲ್ಲಿ ಯಾವುದು ಶ್ರೇಷ್ಠವೆಂದು ಜಗಳವಾಡುತ್ತಾರೆ. ಬೊಮ್ಮಸಂದ್ರದ ಔಷಧ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಇಬ್ಬರೂ ಅಕ್ಕಪಕ್ಕದ ಮೇಜಿನವರು. ಕಂಪನಿ ಬಸ್ಸಿನಲ್ಲಿ ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು ಬೆಳೆದ ಗೆಳೆತನ ಅವರದು. ಜಗಳಕ್ಕೆ ನಿಯಮಗಳೂ ಇದ್ದವು. ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಹಾಡನ್ನೂ ಹಾರಿಸದೆ ಕೇಳಿರಬೇಕು. ಬೇರೆಯವರ ಅಭಿಪ್ರಾಯವನ್ನು ಓದಿ ಬಂದು ಒಪ್ಪಿಸಬಾರದು. ಗೆಳತಿಗೆ ನೋವಾದೀತೆಂದು ಸುಳ್ಳು ಹೊಗಳಬಾರದು. ಈ ಕೊನೆಯ ನಿಯಮ ಶಿವಗಂಗಾಳದು. ಕೆಟ್ಟದ್ದನ್ನು ಕೆಟ್ಟದ್ದೆನ್ನಲು ಹಿಂಜರಿಯುವವರು ಔಷಧಕ್ಕಾಗಲಿ ಹಾಡಿಗಾಗಲಿ ಅರ್ಹತೆಯ ಮುದ್ರೆ ಒತ್ತಬಾರದೆಂದು ಅವಳು ದೃಢವಾಗಿ ನಂಬಿದ್ದಳು.

ಮಂಜುಶ್ರೀ ಹೆರಿಗೆಯ ನಂತರ ಇನ್ನೂ ಕೆಲಸಕ್ಕೆ ಮರಳಿರಲಿಲ್ಲವಾದ್ದರಿಂದ ಈ ಸಲದ ಸಭೆ ಎಲೆಕ್ಟ್ರಾನಿಕ್ ಸಿಟಿಯ ಅವಳ ಫ್ಲ್ಯಾಟಿನಲ್ಲಿ ಸೇರಿತ್ತು. ಅವಳ ಅತ್ತೆ ಸುಬ್ಬಲಕ್ಷ್ಮಮ್ಮ ನೆಲದ ಮೇಲೆ ಪೇಪರು ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಹತ್ತು ತಿಂಗಳ ಮಗು ಗೌರಿ ಚಾಪೆಯ ಮೇಲೆ ಕುಳಿತು ಚಮಚವೊಂದನ್ನು ಬಡಿಯುತ್ತಿತ್ತು.

"ಮೊದ್ಲು ನಿಂದು ಹೇಳು. ಮತ್ತೆ ಆ ರ‍್ಯಾಪ್ ಹುಡುಗರೇ ತಾನೆ?" ಎಂದಳು ಮಂಜುಶ್ರೀ.

"ಹೌದು. 'ಸೆಕೆಂಡ್ ಶಿಫ್ಟ್'. ಬಾಗಲಗುಂಟೆ ಹುಡುಗರು ಮಾಡಿದ್ದು. ಲೇತ್ ಮಷೀನಿನ ಸಪ್ಪಳಾನ ತಾಳ ಮಾಡ್ಯಾರ. ಒಂದು ಹಾಡಿನ್ಯಾಗೂ ಕಾರಿಲ್ಲ, ಬಂಗಾರದ ಸರ ಇಲ್ಲ, ಬರೇ ದುಡಿಯೋ ಮೈ ಐತಿ."

"ಅದೇ ಕಣೇ ಪ್ರಾಬ್ಲಮ್ಮು. ಎಲ್ಲಾ ಹಾಡಲ್ಲೂ ಸೊಂಟ ನೋವು. ಕೇಳಿ ಮುಗಿಸೋ ಹೊತ್ಗೆ ನಂಗೇ ಮುಲಾಮು ಬೇಕಾಯ್ತು."

"ನಿನಗ ಕೊಳಲು ಬೇಕು ಬಿಡು. ಬ್ಯೂಟಿ ಪಾರ್ಲರಿನ್ಯಾಗ ಹಚ್ಚಿರ್ತಾರಲ್ಲ, ಅಂಥಾದ್ದು."

"ಐದ್ನೇ ಹಾಡು ಕಿತ್ತಾಕಿದ್ರೆ ನಾನೂ ಒಪ್ಕೋತಿದ್ದೆ. ಅದ್ರಲ್ಲಿ ಅವ್ನು ಅಳೋದು ಸುಳ್ಳು ಅಳು."

ಶಿವಗಂಗಾ ಆ ಹಾಡನ್ನು ಮನಸ್ಸಿನಲ್ಲೇ ಒಮ್ಮೆ ಕೇಳಿಕೊಂಡಳು. "ಖರೆ. ಐದನೇದು ನಾಟಕ," ಎಂದು ಒಪ್ಪಿದಳು.

"ಏನಮ್ಮ ನೀವು, ಹಾಡಿಗೂ ಪಂಚಾಯ್ತಿ ಕೂರುಸ್ತೀರಾ?" ಎಂದು ಸುಬ್ಬಲಕ್ಷ್ಮಮ್ಮ ನಕ್ಕರು.

ಶಿವಗಂಗಾ ಮಗುವಿನತ್ತ ಬಾಗಿ, "ಗೌರೀ, ಬಾರವ್ವ ಇಲ್ಲೆ," ಎಂದು ಕರೆದಳು. ಮಗು ತಿರುಗಲಿಲ್ಲ. ಮತ್ತೊಮ್ಮೆ ಕರೆದಳು. ಚಮಚ ಕೈತಪ್ಪಿ ನೆಲಕ್ಕೆ ಬಿದ್ದ ಸದ್ದಿಗೆ ಬೆಚ್ಚಿದ ಮಗು, ತನ್ನ ಹೆಸರಿಗೆ ರೆಪ್ಪೆಯನ್ನೂ ಅಲುಗಿಸಲಿಲ್ಲ.

"ಈಚೆಗೆ ಇಂಗೇ ಕಣಮ್ಮ," ಎಂದರು ಸುಬ್ಬಲಕ್ಷ್ಮಮ್ಮ. "ಮೊದ್ಲು ಎಸ್ರಿಡ್ದು ಕೂಗುದ್ರೆ ನಕ್ಕೊಂಡು ಅಂಬೆಗಾಲಲ್ಲಿ ಓಡ್ಬರೋದು. ಡಾಕ್ಟ್ರು ಕಿವಿ ನೆಟ್ಟಗೈತೆ ಅಂತಾರೆ."

"ಆಟದ ಮೇಲೆ ಗಮನ ಅಷ್ಟೇ ಅತ್ತೆ," ಎಂದು ಮಂಜುಶ್ರೀ ಫೋನು ಎತ್ತಿಕೊಂಡಳು. "ಈಗ ನಂದು ಕೇಳು ಶಿವು. ಈ ಸಲ ನೀನು ಸೋತೆ. ಆಲ್ಬಂ ಹೆಸರು 'ಅಜ್ಜಿ ಮಡಿಲು'. ಮಗು ಹೆಸರು ಟೈಪ್ ಮಾಡಿದ್ರೆ ಸಾಕು, ಅಜ್ಜಿ ನಮ್ ಮಗೂನೇ ಕರೆದು ಜೋಗುಳ ಹಾಡ್ತಾಳೆ. ಇದನ್ನ ಹಾಕೋಕೆ ಶುರು ಮಾಡಿದಾಗಿಂದ ಇವ್ಳು ರಾತ್ರಿ ಹಾಲಿಗೂ ಏಳಲ್ಲ ಗೊತ್ತಾ? ಸಾಹಿತ್ಯ ಅಂತೂ ಸಕ್ಕತ್ತಾಗಿದೆ. ಉಪ್ಪಿನ ಹಾಸಿಗೆ ಅಂತೆ! ಎಂಥ ಕಲ್ಪನೆ ಅಲ್ವಾ?"

ಶಿವಗಂಗಾಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲಿಯೇ ನಿಂತಿತು. "ಏನ ಹಾಸಿಗಿ ಅಂದಿ?"

ಮಂಜುಶ್ರೀ ಹಾಡು ಹಚ್ಚಿದಳು. ತಂಬೂರಿಯ ಶ್ರುತಿಯ ಹಿಂದೆ, ಬಾವಿಯ ಒಳಗಿನಿಂದ ಬಂದಂತೆ, ಮುದುಕಿಯೊಬ್ಬಳ ದನಿ ಎದ್ದಿತು.

ಉಪ್ಪಿನ ಹಾಸಿಗಿ ಹದನಾಗಿ ಹಾಸೇವ
ತೆಪ್ಪಗ ಮಲಗ ಎಳಿಕಂದ | ಗೌರಿ
ಕಪ್ಪು ಮುಗಿಲ ನಿನ ಕುಲಾಯಿ

ಮಗು ಮತ್ತೆ ಕೈಗೆತ್ತಿಕೊಂಡಿದ್ದ ಚಮಚವನ್ನು ಬಿಟ್ಟಿತು. ಯಾರೂ ಹಿಡಿದು ಮಲಗಿಸದೆ, ತಾನಾಗಿಯೇ ಚಾಪೆಯ ಮೇಲೆ ಅಂಗಾತ ಮಲಗಿತು. ಕಾಲುಗಳನ್ನು ನೀಡಿ, ಕೈಗಳನ್ನು ಮೈಗೆ ಅಂಟಿಸಿಕೊಂಡು, ಚಾವಣಿಯತ್ತ ಅರೆಗಣ್ಣಿನಿಂದ ನೋಡತೊಡಗಿತು. ಆ ವಯಸ್ಸಿನ ಮಕ್ಕಳು ಹಾಗೆ ನೇರವಾಗಿ ಮಲಗುವುದಿಲ್ಲ.

ಎದ್ದು ಕೂಡಲಿ ಬ್ಯಾಡ ಎದಿಹಾಲ ಬೇಡಬ್ಯಾಡ
ಮುದ್ದಿನ ಹೆಸರಿಗಿ ಹೊರಳಬ್ಯಾಡ | ಗೌರಿ
ಇದ್ದವರ ನೆನಪ ಇಡಬ್ಯಾಡ

"ಇದು ಹಾಲು ಬಿಡಿಸೋ ಹಾಡು ಅನ್ಸುತ್ತೆ," ಎಂದು ಮಂಜುಶ್ರೀ ಹೆಮ್ಮೆಯಿಂದ ಪಿಸುಗುಟ್ಟಿದಳು.

ಶಿವಗಂಗಾ ಆ ದನಿಯನ್ನು ಬಲ್ಲಳು. ಅದು ಯಲಬುರ್ಗಾ ಕಡೆಯ ಅವಳ ಊರಿನ ಸಿದ್ದಕ್ಕನದು. ಸಾಲಿನ ಕೊನೆಯಲ್ಲಿ ಉಸಿರು ತುಂಡಾಗಿ ಮತ್ತೆ ಕೂಡಿಕೊಳ್ಳುವ ಆ ಬಗೆ ಬೇರೆ ಯಾರಿಗೂ ಇರಲಿಲ್ಲ. ಹಸುಗೂಸು ತೀರಿದ ಮನೆಯವರು ಸಿದ್ದಕ್ಕನಿಗೆ ಹೇಳಿಕಳುಹಿಸುತ್ತಿದ್ದರು. ಶಿವಗಂಗಾಳ ತಮ್ಮ ತೊಟ್ಟಿಲಲ್ಲೇ ತೀರಿಕೊಂಡಾಗಲೂ ಅವಳೇ ಬಂದು ಹಾಡಿದ್ದಳು. ಕೂಸನ್ನು ಹೂಳುವ ಕುಣಿಗೆ ಹಾಕುವ ಉಪ್ಪಿನ ತಟ್ಟೆಯನ್ನು ಹಿಡಿದು ನಿಂತಿದ್ದವಳು ಶಾಲೆಗೆ ಹೋಗುವ ವಯಸ್ಸಿನ ಶಿವಗಂಗಾ. ಹೋದ ಕೂಸು ತಾಯಿಯ ಕರೆಗೆ ಹಿಂದಿರುಗಿ ನೋಡಿ ದಾರಿ ತಪ್ಪದಿರಲಿ, ನೆಮ್ಮದಿಯಿಂದ ಹೋಗಲಿ ಎಂಬುದು ಆ ಹಾಡಿನ ಪ್ರಾರ್ಥನೆ.

ಸಿದ್ದಕ್ಕ ತೀರಿಕೊಳ್ಳುವ ಹಿಂದಿನ ವರ್ಷ, ಪಟ್ಟಣದಿಂದ ಇಬ್ಬರು ಮೈಕು ಹಿಡಿದು ಬಂದಿದ್ದರು. ಹಳೆಯ ಹಾಡುಗಳನ್ನು ಉಳಿಸುತ್ತೇವೆ ಎಂದರು. ರಜೆಗೆ ಊರಿಗೆ ಹೋಗಿದ್ದ ಶಿವಗಂಗಾ ಮುದುಕಿಯ ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ಕುಳಿತಿದ್ದಳು. ಬೀಸುವ ಪದ, ಸೋಬಾನೆ ಪದ ಎಲ್ಲವನ್ನೂ ಹಾಡಿದ ಸಿದ್ದಕ್ಕ, ಈ ಹಾಡಿಗೆ ಬಂದಾಗ, "ಯಾರೂ ಸತ್ತಿಲ್ಲಲ್ಲೋ ಯಪ್ಪಾ, ಹೆಸರ ಹಾಕಿ ಹಾಡಾಕ ಬರಂಗಿಲ್ಲ," ಎಂದಿದ್ದಳು. ಹೆಸರು ಬರಬೇಕಾದ ಜಾಗದಲ್ಲಿ ಪ್ರತಿ ಸಲವೂ ತುಟಿ ಬಿಗಿಹಿಡಿದು, ಆ ಹೊತ್ತು ಕಳೆದ ಮೇಲೆ ಮುಂದಿನ ಸಾಲು ಎತ್ತಿಕೊಂಡಿದ್ದಳು.

ಆ ಧ್ವನಿಮುದ್ರಣ ಕೈಸೇರಿದ ಕಂಪನಿಯೊಂದು ಆ ಮೌನವನ್ನು ಖಾಲಿ ಜಾಗವೆಂದು ತಿಳಿಯಿತು. ಅಕ್ಷರವಿಲ್ಲದ ಹೆಂಗಸು ಜಗತ್ತಿನ ಕೂಸುಗಳಿಗಾಗಿ ಕಾಯ್ದುಕೊಂಡು ಬಂದ ಮರ್ಯಾದೆಯದು. ಪದವಿಗಳನ್ನು ಹೊತ್ತವರು ಅದರೊಳಗೆ ಬದುಕಿರುವ ಮಕ್ಕಳ ಹೆಸರುಗಳನ್ನು ತುರುಕಿದ್ದರು. ಸತ್ತವಳ ಗಂಟಲನ್ನು ಯಂತ್ರದಿಂದ ಮರಳಿ ಕಟ್ಟಿ, ಅವಳು ಜೀವಮಾನದಲ್ಲಿ ಮಾಡದಿದ್ದ ಪಾಪವನ್ನು ಅವಳ ದನಿಯಿಂದಲೇ ಮಾಡಿಸಿದ್ದರು. ಇದು ಅಜ್ಞಾನವೆಂದು ಕ್ಷಮಿಸುವವರು ಕ್ಷಮಿಸಲಿ. ಹಾಡಿನ ಅರ್ಥವೇನೆಂದು ಹಾಡಿದವಳ ಊರಿನಲ್ಲಾದರೂ ಕೇಳುವಷ್ಟು ಸೌಜನ್ಯವಿಲ್ಲದ ಅಜ್ಞಾನ ಅಪರಾಧಕ್ಕಿಂತ ಕಡಿಮೆಯದಲ್ಲ.

"ಬಂದ್ ಮಾಡು," ಎಂದಳು ಶಿವಗಂಗಾ. "ಮಂಜು, ಮೊದಲ ಅದನ್ನ ಬಂದ್ ಮಾಡು. ಅದು ಜೋಗುಳ ಅಲ್ಲ. ಕೂಸು ಮಣ್ಣು ಮಾಡುಮುಂದ ಹಾಡೋ ಪದ."

ಮಂಜುಶ್ರೀಯ ಮುಖ ಕೆಂಪಾಯಿತು. "ನಿಂಗೆ ಸೋಲೋಕಾಗಲ್ಲ ಅಲ್ವಾ? ನನ್ ಮಗಳಿಗೆ ಹಾಡೋ ಹಾಡನ್ನ ಹೆಣದ ಹಾಡು ಅಂತೀಯ?"

"ಸುಳ್ಳು ಹೇಳಲೇನ ಮತ್ತ? ಚೊಲೋ ಐತಿ ಅನ್ನಲೇನ? ಉಪ್ಪು ಎಲ್ಲಿ ಹಾಸ್ತಾರ, ನೀನ ಹೇಳು."

ಉತ್ತರಿಸಿದವರು ಸುಬ್ಬಲಕ್ಷ್ಮಮ್ಮ. ಅವರ ಕೈಯಿಂದ ಅವರೆಕಾಯಿ ಜಾರಿತ್ತು. "ಗುಂಡೀಲಿ ಆಕ್ತಾರೆ. ನಮ್ಮಲ್ಲೂ ಅಂಗೇಯ. ಉಪ್ಪಾಕ್ದೆ ಮಣ್ ಮುಚ್ಚಲ್ಲ." ಅವರು ಎದ್ದು ಬಂದು ಸೊಸೆಯ ಕೈಯಿಂದ ಫೋನು ಕಿತ್ತುಕೊಂಡರಾದರೂ ಅದನ್ನು ನಿಲ್ಲಿಸುವುದು ಅವರಿಗೆ ತಿಳಿಯಲಿಲ್ಲ. ಮುದುಕಿ ಅವರ ಅಂಗೈಯಲ್ಲಿ ಹಾಡುತ್ತಲೇ ಇದ್ದಳು. ಕೊನೆಗೆ ಶಿವಗಂಗಾ ಫೋನನ್ನು ಆರಿಸಿದಳು.

ಹಾಡು ನಿಂತರೂ ಮಗು ಏಳಲಿಲ್ಲ.

"ಗೌರಿ," ಎಂದಳು ಮಂಜುಶ್ರೀ. "ಗೌರಿ, ಬಂಗಾರೀ, ಅಮ್ಮ ನೋಡಿಲ್ಲಿ." ಅವಳು ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಬೆಚ್ಚಗಿದ್ದ, ಉಸಿರಾಡುತ್ತಿದ್ದ ಆ ಮೈಯಲ್ಲಿ ಹಿಡಿತವಿರಲಿಲ್ಲ. ತಲೆ ಅವಳ ತೋಳಿನ ಮೇಲೆ ಒರಗಿಕೊಂಡಿತು. ಹಾಲು ಕೊಟ್ಟರೆ ತುಟಿ ತೆರೆಯಲಿಲ್ಲ. ಹೆಸರು ಹಿಡಿದು ಕರೆದಷ್ಟೂ ಕಣ್ಣುಗಳು ಇನ್ನಷ್ಟು ದೂರಕ್ಕೆ ಸರಿಯುತ್ತಿರುವಂತೆ ತೋರಿದವು.

"ಶಿವು, ಏನಾದ್ರೂ ಮಾಡೇ," ಎಂದು ಅವಳು ಬೇಡಿದಳು. "ಆಸ್ಪತ್ರೆಗೆ ಹೋಗೋಣ?"

"ಓಗಾನ. ಅದುಕ್ ಮುಂಚೆ ಆ ಎಸ್ರ ಬುಟ್ಬುಡು," ಎಂದರು ಸುಬ್ಬಲಕ್ಷ್ಮಮ್ಮ. "ಆ ಎಸ್ರಿಗೆ ಮಣ್ಣಾಕ್ಬುಟ್ಟವ್ರೆ. ನೀನು ಕೂಗ್ದಂಗೆಲ್ಲಾ ತಿರುಗ್ಬ್ಯಾಡ ಅಂತ ಆ ಮುದ್ಕಿ ಏಳ್ಕೊಟ್ಟವ್ಳೆ. ಬ್ಯಾರೆ ಎಸ್ರಲ್ಲಿ ಕೂಗು."

"ಅತ್ತೆ, ಅದು ನಿಮ್ಮಮ್ಮನ ಹೆಸರು! ಹಟ ಮಾಡಿ ಇಡಿಸಿದ್ದು ನೀವೇ."

"ನಮ್ಮವ್ವನ ಎಸ್ರು ನಮ್ಮವ್ವನತ್ರಾನೇ ಇರ್ಲಿ."

ಅವರು ಮಗುವನ್ನು ಇಸಿದುಕೊಂಡು, ನೆಲದ ಮೇಲಿದ್ದ ಅವರೆಸಿಪ್ಪೆಯ ರಾಶಿಯ ಮೇಲೆ ಮಲಗಿಸಿದರು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವಿಗೂ ಬೇಡವಾಗುವಂಥ ಹೆಸರಿಡುತ್ತಿದ್ದುದನ್ನು ಅವರು ಕಂಡಿದ್ದರು. ಈ ಮನೆಗೆ ತಿಪ್ಪೆಯೆಲ್ಲಿಂದ ಬರಬೇಕು? ಅವರ ಹೊಲವಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡವಿತ್ತು. ಸಿಪ್ಪೆಯೇ ತಿಪ್ಪೆಯಾಯಿತು.

"ತಿಪ್ಪಿ ಅನ್ನು. ನಾನಂದ್ರಾಗಕಿಲ್ಲ, ಎತ್ತವ್ವನೇ ಅನ್ಬೇಕು."

ಮಂಜುಶ್ರೀ ಗೆಳತಿಯ ಮುಖ ನೋಡಿದಳು. ತೊಟ್ಟಿಲಿನ ಮೇಲೆ ಬಣ್ಣದ ಮರದ ಅಕ್ಷರಗಳಲ್ಲಿ ಅಂಟಿಸಿದ್ದ ಹೆಸರನ್ನೂ ನೋಡಿದಳು. ಶಿವಗಂಗಾ ತಲೆದೂಗಿದಳು. ಇದನ್ನೆಲ್ಲ ಮೂಢನಂಬಿಕೆಯೆಂದು ಬೇರೊಂದು ದಿನ ಅವಳೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಇಂದು ಅವಳ ಮನಸ್ಸಿನಲ್ಲಿದ್ದುದು ಒಂದೇ: ಪದಕ್ಕೆ ಪದವೇ ಮದ್ದಾಗುವುದಾದರೆ ಆಗಲಿ.

"ತಿಪ್ಪಿ," ಎಂದಳು ಮಂಜುಶ್ರೀ, ಕೇಳಿಸದಷ್ಟು ಮೆಲ್ಲಗೆ.

"ಗಟ್ಟಿಯಾಗಿ ಕರಿ!" ಎಂದಳು ಶಿವಗಂಗಾ.

"ತಿಪ್ಪೀ! ಲೇ ತಿಪ್ಪಿ! ಬಾರೇ ಇಲ್ಲಿ!"

ಮಗುವಿನ ಹುಬ್ಬು ಗಂಟಾಯಿತು. ಬೆನ್ನಿಗೆ ಚುಚ್ಚುತ್ತಿದ್ದ ಸಿಪ್ಪೆಯ ಮೇಲೆ ಅದು ಮಿಸುಕಾಡಿತು. ಬಳಿಕ ತಾಯಿಯ ದನಿ ಬಂದ ದಿಕ್ಕಿಗೆ ತಲೆ ಹೊರಳಿಸಿ, ಬಾಯಿ ಅಗಲಿಸಿ, ಮನೆಯೆಲ್ಲ ತುಂಬುವಂತೆ ಅಳತೊಡಗಿತು. ಮಂಜುಶ್ರೀ ಬಾಚಿ ಎತ್ತಿಕೊಂಡಾಗ ಅದರ ಬೆರಳುಗಳು ಅವಳ ಕುಪ್ಪಸವನ್ನು ಜಗ್ಗಿ ಹಾಲು ಹುಡುಕಿದವು. ಸುಬ್ಬಲಕ್ಷ್ಮಮ್ಮ ಗೋಡೆಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ತಾಯಿಗೂ ಮಗುವಿಗೂ ಏಕಾಂತ ಬೇಕೆಂದು ಶಿವಗಂಗಾ ಬಾಲ್ಕನಿಗೆ ಹೋದಳು. ಮುಸ್ಸಂಜೆಯಾಗಿತ್ತು. ಮೇಲ್ಸೇತುವೆಯ ಮೇಲೆ ವಾಹನಗಳ ದೀಪಗಳು ಹೊತ್ತಿಕೊಂಡಿದ್ದವು. ಎದುರಿನ ಗೋಪುರದ ಕಿಟಕಿಗಳಲ್ಲಿ ಬೆಳಕು ಒಂದೊಂದಾಗಿ ಮೂಡುತ್ತಿತ್ತು. ಮಕ್ಕಳಿಗೆ ಉಣಿಸಿ ಮಲಗಿಸುವ ಹೊತ್ತು. ಟ್ರಾಫಿಕ್ಕಿನ ಮೊರೆತ ಒಂದು ಕ್ಷಣ ತಗ್ಗಿದಾಗ ಅವಳಿಗೆ ಸಿದ್ದಕ್ಕ ಕೇಳಿಸಿದಳು.

ಫೋನು ಒಳಗೆ ಆರಿಯೇ ಇತ್ತು. ದನಿ ಕೆಳಗಿನ ಮಹಡಿಯಿಂದ ಬರುತ್ತಿತ್ತು, ಮಹಾಲಕ್ಷ್ಮಿ ಎಂಬ ಕೂಸನ್ನು ಉಪ್ಪಿನ ಮೇಲೆ ಮಲಗಿಸುತ್ತಿತ್ತು. ಎದುರಿನ ಗೋಪುರದಿಂದಲೂ ಅದೇ ದನಿ, ಗಾಳಿಗೆ ಸಿಕ್ಕಿ ಅಸ್ಪಷ್ಟವಾದ ಬೇರೊಂದು ಹೆಸರಿನೊಡನೆ. ಪಕ್ಕದ ಮನೆಯ ಗೋಡೆಯಾಚೆ, ತೀರ ಹತ್ತಿರದಲ್ಲಿ, ಅದೇ ತುಂಡಾಗುವ ಉಸಿರು. ಒಬ್ಬಳೇ ಮುದುಕಿ ಒಂದೇ ಹೊತ್ತಿಗೆ ಎಲ್ಲ ಮನೆಗಳ ತೊಟ್ಟಿಲ ಬಳಿ ಕುಳಿತಿದ್ದಳು.

ಶಿವಗಂಗಾ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದು ಪಕ್ಕದ ಮನೆಯ ಗಂಟೆ ಒತ್ತಿದಳು.

ಬಾಗಿಲು ತೆರೆದವನು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ ತರುಣ ತಂದೆ. "ಶ್... ಮೆಲ್ಲಗೆ ಮೇಡಂ. ಪಾಪು ಈಗ್ತಾನೆ ಮಲಗ್ದ."

"ಅವನ ಹೆಸರು ಹಿಡಿದು ಒಮ್ಮೆ ಕರೀರಿ ಸಾರ್."

"ಏನು?"

"ಕರೀರಿ. ಆಮೇಲೆ ಬೈರಿ ಬೇಕಾದರ."

ಅವನಿಗೆ ನಗು ಬಂತು. ಬಾಗಿಲಲ್ಲಿ ನಿಂತೇ ತಲೆ ಹಿಂದಕ್ಕೆ ಹೊರಳಿಸಿ, "ವಿನಾಯಕ್," ಎಂದ. ಒಳಗಿನ ಹಾಡು ಮುಂದುವರಿಯಿತು. "ವಿನಾಯಕ್, ಮರೀ," ಎಂದು ಮತ್ತೆ ಕರೆದ. ಕೋಣೆಯ ದೀಪದ ಬೆಳಕಿನಲ್ಲಿ, ಹಾಸಿಗೆಯ ಮೇಲೆ ನೇರವಾಗಿ ಜೋಡಿಸಿಟ್ಟಂಥ ಎರಡು ಪುಟ್ಟ ಪಾದಗಳು ಕಾಣುತ್ತಿದ್ದವು.

ಮೂರನೆಯ ಸಲ ಕರೆದಾಗ ಅವನ ದನಿಯಲ್ಲಿ ನಗುವಿರಲಿಲ್ಲ.