ಲೇಬಲ್ ಇಲ್ಲದ ಬಾಟಲಿ

ವೈನಿನ ಗ್ಲಾಸು ತುಟಿಗೆ ತಾಗುವ ಮೊದಲೇ ಕಾಶೀನಾಥ "ಭಾಳ ಛಲೋ ಅದ" ಎಂದುಬಿಟ್ಟ.

"ನೀವಿನ್ನೂ ಕುಡೀಲೇ ಇಲ್ಲವಲ್ಲ," ಎಂದರು ಉತ್ತಪ್ಪ.

ನಾಚಿಕೆಯಾಯಿತು. ಒಂದು ಗುಟುಕು ಕುಡಿದು ಎದುರಿನ ಮುಖ ನೋಡಿದ. ಸೈನ್ಯದಿಂದ ನಿವೃತ್ತರಾದ ಆ ಕೊಡಗಿನ ಸುಬೇದಾರರ ಮುಖದಲ್ಲಿ ಓದುವಂಥದ್ದೇನೂ ಇರಲಿಲ್ಲ. ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದ ಅವರ ಹೆಂಡತಿ ದೇಚಮ್ಮ ತಲೆಯೆತ್ತಲಿಲ್ಲ.

ಕಾಶೀನಾಥ ಬೆಳೆದ ಧಾರವಾಡದ ಮನೆಯಲ್ಲಿ ಹೆಂಡದ ಮಾತನ್ನೂ ಆಡುತ್ತಿರಲಿಲ್ಲ. ನಾಗಪುರದ ಬ್ಯಾಂಕಿನಲ್ಲಿ ಆಫೀಸರಾದ ಮೇಲೆ ಕುಡಿಯಲು ಕಲಿತ. ಯಾವುದು ಒಳ್ಳೆಯದೆಂದು ನಾಲಿಗೆಯಿಂದ ಎಂದೂ ತಿಳಿದಿರಲಿಲ್ಲ. ಎದುರಿಗಿದ್ದವರ ಮುಖದಿಂದ ತಿಳಿಯುತ್ತಿದ್ದ. ಪುಸ್ತಕ ಓದಿ ನಾಲ್ಕು ಮಾತು ಕಲಿತದ್ದರಿಂದ ಬ್ಯಾಂಕಿನವರ ಕ್ಲಬ್ಬಿನಲ್ಲಿ ಅವನಿಗೆ ಎಕ್ಸ್‌ಪರ್ಟ್ ಎಂಬ ಹೆಸರು. ಕ್ಲಬ್ಬಿನ ಬೆಳ್ಳಿಹಬ್ಬಕ್ಕೆ ಕಡಿಮೆ ಬೆಲೆಯ ಒಳ್ಳೆಯ ಮಾಲು ಹುಡುಕುವ ಕೆಲಸವನ್ನು ಮ್ಯಾನೇಜರು ಅವನಿಗೇ ಹಚ್ಚಿದ್ದರು. ಇಲ್ಲಿ ಮನೆಯಲ್ಲೇ ವೈನು ಮಾಡುತ್ತಾರೆಂದು ಯಾರೋ ಹೇಳಿದ್ದರಿಂದ ಭಾನುವಾರ ಮಧ್ಯಾಹ್ನ ಸ್ಕೂಟರ್ ಹತ್ತಿ, ಊರ ಹೊರಗೆ ಹಿಂಗಣಾದ ಆಚೆಯ ಈ ಕಿತ್ತಳೆ ತೋಟಕ್ಕೆ ಬಂದಿದ್ದ.

"ಮರಕ್ಕೆ ಔಷಧಿ ಹೊಡೆಯೋದಿಲ್ಲ," ಎಂದರು ದೇಚಮ್ಮ. "ಸಗಣಿ ಗೊಬ್ಬರ ಮಾತ್ರ. ವೈನಿಗೂ ಹಣ್ಣು, ಸಕ್ಕರೆ, ಅಷ್ಟೇ."

ಉತ್ತಪ್ಪ ಒಳಗಿನಿಂದ ಇನ್ನೊಂದು ಬಾಟಲಿ ತಂದರು. "ಅದೇ ವೈನು ಬಟ್ಟಿ ಇಳಿಸಿದ ಬ್ರಾಂದಿ. ಹನ್ನೆರಡು ವರ್ಷ ಮರದ ಪೀಪಾಯಿಯಲ್ಲಿತ್ತು. ಪೇಟೆ ರೇಟಿನ ಅರ್ಧಕ್ಕೆ ಕೊಡ್ತೇವೆ."

ಕಾಶೀನಾಥ ಕುಡಿದ. ಕಿತ್ತಳೆ ಸಿಪ್ಪೆಯ ಕಹಿ, ಸುಟ್ಟ ಮರದ ವಾಸನೆ, ಆಮೇಲೆ ಹೆಸರು ಗೊತ್ತಿಲ್ಲದ ಏನೋ ಒಂದು ನಿಧಾನವಾಗಿ ಎದೆಗಿಳಿಯಿತು. ಅವರ ಮುಖ ನೋಡುವುದನ್ನೇ ಮರೆತ. ಹೆದರಿಕೆಯಾಯಿತು. ನಲವತ್ತೆರಡನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ, ಅವನಿಗೊಂದು ವಸ್ತು ಇಷ್ಟವಾಗಿತ್ತು.

"ಈಗ ಕುಡಿದ್ರಿ," ಎಂದರು ಉತ್ತಪ್ಪ.

"ಕ್ಲಬ್ಬಿಗೆ ಇದನ್ನ ತರಸ್ತೀನ್ರಿ. ನನ್ನ ಮಾತು."

"ಬರೋಬರ್. ಈ ಸಲ ಗಿರಾಕಿ ಸಿಗದಿದ್ರೆ ಮರ ಕಡಿದು ಜಾಗ ಫ್ಯಾಕ್ಟರಿಯವರಿಗೆ ಕೊಡೋಣ ಅಂತಿದ್ದಾನೆ ಮಗ."

ಸಂಜೆ ಐದಕ್ಕೆ ಬ್ರಾಂದಿಯ ಒಂದು ಬಾಟಲಿ ಹಿಡಿದು ಮ್ಯಾನೇಜರ್ ವ್ಯಾಸರಾಜರ ಬಂಗಲೆಗೆ ಹೋದ. ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಲೇಬಲ್ ಎಲ್ಲದರೀ?"

"ಮನಿಯಾಗ ಮಾಡಿದ್ದು, ಸರ್."

ಒಂದು ಗುಟುಕು ಹೀರಿ ಮೂತಿ ತಿರುವಿದರು. "ಕಚ್ಚಾ ಇದ್ದಂಗದ. ನಿಮಗೇನನಸ್ತು?"

ಎದೆಯಲ್ಲಿ ಆ ಬಿಸುಪು ಇನ್ನೂ ಇತ್ತು. "ಹೌದ್ ಸರ್, ಸ್ವಲ್ಪ ಕಚ್ಚಾನ," ಎಂದ. ಹೇಳಿದ್ದು ತಾನೇ ಎಂಬುದು ಆಮೇಲೆ ಗೊತ್ತಾಯಿತು.

"ಮಂದಿ ಬರೋ ಹೊತ್ತಾತು. ಒಂದು ಮಜಾ ನೋಡ್ರಿ." ಶೋಕೇಸಿನಲ್ಲಿ ಅಲಂಕಾರಕ್ಕೆಂದು ಇಟ್ಟಿದ್ದ ಫಾರಿನ್ ಬಾಟಲಿಯಿಂದ ವ್ಯಾಸರಾಜರು ಮನಿಪ್ಲಾಂಟ್ ಬಳ್ಳಿಯನ್ನು ಎಳೆದು ಮೇಜಿನ ಮೇಲೆ ಹಾಕಿದರು. ಬಾಟಲಿ ತೊಳೆಸಿ ಬ್ರಾಂದಿ ಸುರಿದರು.

ಮೂವರು ಆಫೀಸರು ಬಂದರು. ಕುಡಿದರು. "ಫಾರಿನ್ ಅಂದ್ರ ಫಾರಿನ್!" ಎಂದ ಒಬ್ಬ. ಉಳಿದವರು ಕಣ್ಣು ಮುಚ್ಚಿ ತಲೆಯಾಡಿಸಿದರು. ವ್ಯಾಸರಾಜರು ನಗಲಿಲ್ಲ. ತಾವೂ ಒಂದು ಗುಟುಕು ಹೀರಿ, ತಾವೇ ಸುರಿದದ್ದೆಂಬುದನ್ನು ಮರೆತವರಂತೆ ಗಂಭೀರವಾಗಿ ತಲೆದೂಗಿದರು.

"ನೀವು ಹೇಳ್ರಿ, ಎಕ್ಸ್‌ಪರ್ಟು."

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಉತ್ತಪ್ಪನವರ ಹೆಸರು ಗಂಟಲವರೆಗೆ ಬಂದಿತ್ತು. ಅದನ್ನು ಹೇಳಲೆಂದೋ ಹೇಳದಿರಲೆಂದೋ ಕಾಶೀನಾಥ ಒಂದು ಗುಟುಕು ಕುಡಿದ. ನಾಲಿಗೆಯ ಮೇಲೆ ಕಹಿಯಿಲ್ಲ, ಮರವಿಲ್ಲ, ಏನೂ ಇಲ್ಲ.

"ಅದ್ಭುತ," ಎಂದ.

ಮೇಜು ಒರೆಸಲು ಬಂದ ಕೆಲಸದ ಗಂಗೂಬಾಯಿ ಬಳ್ಳಿಯನ್ನು ಎತ್ತಿ ಹಿಡಿದಳು. ಬಾಟಲಿಯೊಳಗೆ ಸುತ್ತಿ ಸುತ್ತಿ ಬೆಳೆದ ಬಿಳಿ ಬೇರುಗಳು ಹೊರಗೂ ಹಾಗೆಯೇ ಸುತ್ತಿಕೊಂಡಿದ್ದವು. "ಸಾಹೇಬ, ಹೇ ಕುಠೇ ಠೇವೂ?" ಎಲ್ಲಿಡಲಿ ಎಂದು ಕೇಳಿದಳು. ಎಲೆಗಳು ಇನ್ನೂ ಹಸಿರಾಗಿದ್ದವು. ಬೇರಿನ ನೀರು ಕಾಶೀನಾಥನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.