ಹೂಂಗುಟ್ಟುವವರಿಲ್ಲದ ಕಥೆ

ಕೇಳುವವರು ಹೂಂಗುಟ್ಟದಿದ್ದರೆ ನಮ್ಮಜ್ಜಿ ರಾಜಕುಮಾರನನ್ನು ನಟ್ಟಡವಿಯಲ್ಲೇ ಬಿಟ್ಟು ಗೊರಕೆ ಹೊಡೆಯುತ್ತಿದ್ದಳು. ಪಾಪ, ಅವನು ಬೆಳಗಿನವರೆಗೂ ಅಲ್ಲೇ ನಿಂತಿರುತ್ತಾನಲ್ಲ ಎಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹಾಗಾಗಿ, ಪರದೇಶದ ಆ ಯುದ್ಧ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಅಲ್ಲಿನ ಮುದುಕಿಯೊಬ್ಬಳು ತನ್ನ ಕಥೆ ಶುರುಮಾಡಿದೊಡನೆ ನನ್ನ ಬಾಯಿಂದ ತಾನಾಗಿಯೇ "ಹೂಂ" ಬಂದುಬಿಟ್ಟಿತು.

ಬಾಂಬು ಬೀಳುತ್ತಿದ್ದಾಗ ಆಕೆ ಚಿಕ್ಕ ಹುಡುಗಿ, ತಮ್ಮನನ್ನು ತಬ್ಬಿಕೊಂಡು ಇಲ್ಲೇ ಅಡಗಿದ್ದವಳು. ಈಗ ಅದನ್ನು ಪ್ರವಾಸಿಗರಿಗೆ ಹೇಳುವುದೇ ಆಕೆಯ ಕೆಲಸ. ಆಕೆ ತನ್ನ ಭಾಷೆಯಲ್ಲಿ ಹೇಳಿದ್ದನ್ನು ಗೈಡ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

"ತಮಾಷೆ ಮಾಡಬೇಡಿ ಮೇಡಂ," ಎಂದು ಅವನು ನನ್ನನ್ನು ಗದರಿದ.

ತಮಾಷೆಯಂತೆ! ನಮ್ಮ ಗುಂಪಿನವನೊಬ್ಬ ಆಕೆಯ ಬೆನ್ನ ಹಿಂದೆ ಹಲ್ಲುಕಿರಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದದ್ದು ತಮಾಷೆಯಲ್ಲ. ಅಲ್ಲಿಟ್ಟಿದ್ದ ಬಂದೂಕಿನಿಂದ ಗುರಿ ಹಿಡಿಯುವುದು ಹೇಗೆಂದು ನನ್ನ ಜೊತೆ ಬಂದಿದ್ದ ದೊಡ್ಡಮ್ಮನಿಗೆ ದೊಡ್ಡಪ್ಪ ತೋರಿಸುತ್ತಿದ್ದದ್ದೂ ತಮಾಷೆಯಲ್ಲ. ನನ್ನ ಹೂಂ ತಮಾಷೆ!

ಮುದುಕಿ ಮಾತ್ರ ನನ್ನ ಕಡೆ ತಿರುಗಿದಳು. ಗಿಳಿಪಾಠದಂತಿದ್ದ ದನಿ ಮೆತ್ತಗಾಯಿತು. ತಮ್ಮನಿಗೆ ಬಾಯಾರಿತ್ತು, ನೀರು ತರಲೆಂದು ಮೆಟ್ಟಿಲು ಹತ್ತಿದೆ ಎನ್ನುವಷ್ಟರಲ್ಲಿ ಗೈಡ್ ಚಪ್ಪಾಳೆ ತಟ್ಟಿದ. "ಮುಗೀತು, ಬಸ್ಸಿಗೆ ನಡೀರಿ."

"ತಮ್ಮ ಏನಾದ?" ಎಂದೆ.

"ಕಾರ್ಯಕ್ರಮ ಇಷ್ಟೇ ಮೇಡಂ. ಮುಂದಿನದ್ದು ಕೇಳಿದ್ರೆ ಜನಕ್ಕೆ ಊಟ ಸೇರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ನಮಗೆ ಊಟ ಸೇರಲಿ ಅಂತ ಆ ಮಗುವನ್ನು ದಿನಾ ಬಾಯಾರಿಸಿ ಬಿಟ್ಟುಹೋಗುವುದೇ?

"ಏನಾಗಿರ್ತಾನೆ, ಸತ್ತಿರ್ತಾನೆ," ಎಂದರು ದೊಡ್ಡಪ್ಪ. "ಬಾರೇ ಕನಸುಗಣ್ಣಿ, ಹೊಟ್ಟೆ ಚುರುಗುಟ್ತಿದೆ."

"ನೀವು ಹೋಗಿ ಉಣ್ಣಿ. ಅವರು ಹೇಳಿ ಮುಗಿಸೋವರೆಗೂ ನಾನು ಏಳಲ್ಲ." ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತೆ.

"ಅವಳ ಭಾಷೆ ನಿನಗೇನೇ ಗೊತ್ತು?"

"ಹೂಂ ಅನ್ನೋಕೆ ಭಾಷೆ ಯಾಕೆ ದೊಡ್ಡಪ್ಪ?"

ಗೊಣಗುತ್ತ ಎಲ್ಲರೂ ಹತ್ತಿಹೋದರು, ಗೈಡೂ ಹೋದ. ಮುದುಕಿ ಸ್ಟೂಲನ್ನು ನನ್ನ ಮುಂದಕ್ಕೆ ಎಳೆದುಕೊಂಡು ತನ್ನ ಭಾಷೆಯಲ್ಲೇ ಹೇಳತೊಡಗಿದಳು. ಒಂದಕ್ಷರ ತಿಳಿಯಲಿಲ್ಲ. ಆದರೆ ಬೊಗಸೆಯಲ್ಲಿ ನೀರು ತುಳುಕದಂತೆ ಇಳಿದು ಬಂದದ್ದು ಆಕೆಯ ಕೈಸನ್ನೆಯಲ್ಲೇ ಕಂಡಿತು. "ಹೂಂ." ತಮ್ಮನ ತಲೆಯನ್ನು ತೊಡೆಗೆ ಎತ್ತಿಕೊಂಡಳು. "ಹೂಂ." ಬೊಗಸೆಯನ್ನು ಅವನ ತುಟಿಗೆ ಹಿಡಿದಳು, ಹಿಡಿದೇ ಇದ್ದಳು. ಕೊನೆಗೆ ಬೆರಳು ಸಡಿಲಿಸಿ ನೀರನ್ನು ನೆಲಕ್ಕೆ ಬಿಟ್ಟು, ಕಣ್ಣು ಮುಚ್ಚಿಸುವವರ ಹಾಗೆ ಅಂಗೈಯನ್ನು ಮೆಲ್ಲಗೆ ಕೆಳಗೆ ಸವರಿದಳು.

ಮೇಲೆ ಬಸ್ಸು ಹಾರನ್ ಬಾರಿಸುತ್ತಲೇ ಇತ್ತು. ಬಾರಿಸಿಕೊಳ್ಳಲಿ. ಕಥೆ ಇನ್ನೂ ಇತ್ತು, ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ಹೂಂ," ಎಂದೆ.